ಅರ್ಧ ಟಿಕೀಟಿನ ಮಾತು

ಇದನ್ನು ಹೇಳುವುದನ್ನು ನಾನು ನಾಲ್ಕು ವರ್ಷಗಳಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ದೀಪಾವಳಿ ಮುಗಿಯಲಿ ಅಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ನೆಟ್ಟಗೆ ಬರೆಯೋಣ ಅಂದೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಈಗ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದುತ್ತೇನೆ. ಇನ್ನು ಹೇಳಿಕೊಳ್ಳಲು ನೆವ ಉಳಿದಿಲ್ಲ.

ನಾನು ಓದಿದ್ದು ಹತ್ತನೆಯ ಇಯತ್ತೆಯವರೆಗೆ. ಮೂವತ್ತನಾಲ್ಕು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದೆ, ಅದರಲ್ಲಿ ಬಹುಪಾಲು ಬೆಳಗಾವಿ ಖಾನಾಪುರದ ದಾರಿಯಲ್ಲಿಯೇ. ಈಗ ರಾಮತೀರ್ಥ ನಗರದಲ್ಲಿ ಮಗನ ಮನೆಯ ಕೆಳಗಿನ ಕೋಣೆಯಲ್ಲಿದ್ದೇನೆ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನನ್ನ ಬಾಯಿಂದ ಬಿದ್ದ ಮಾತಿನಿಂದ ಒಬ್ಬರ ಹೆಸರು ಕೆಟ್ಟದ್ದು ಸಾಕು.

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ. ನನ್ನ ವೈನಿ ಲಗ್ನವಾಗಿ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ. ಅವತ್ತಿನಿಂದ ಕೊನೆಯ ತನಕ ನನ್ನನ್ನು ‘ತಮ್ಮಾ’ ಎಂದೇ ಕರೆದಳು. ಅಣ್ಣ ಹೋದ ಮೇಲೆ ಖಾನಾಪುರದ ಮನೆಯಲ್ಲಿ ಇದ್ದವರು ಆಕೆ, ಆಕೆಯ ಒಬ್ಬಳೇ ಮಗಳು, ಹಂಚಿನ ಕಾರ್ಖಾನೆಗೆ ಹೋಗುವ ಅಳಿಯ. ವೈನಿ ಮಂಡಿಗೆ ಮಾಡುತ್ತಿದ್ದಳು. ಬೆಳಗಾವಿ ಸೀಮೆಯಲ್ಲಿ ಲಗ್ನವೆಂದರೆ ಮಂಡಿಗೆ ಇರಬೇಕು. ಸಕ್ಕರೆ, ತುಪ್ಪ, ಏಲಕ್ಕಿಯ ಹೂರಣ ತುಂಬಿದ ಕಣಕವನ್ನು ಮೊದಲು ಲಟ್ಟಿಸಿ, ಆಮೇಲೆ ಎರಡೂ ಮುಂಗೈ ಮೇಲೆ ಹಾಕಿಕೊಂಡು ತಿರುಗಿಸುತ್ತ ತಿರುಗಿಸುತ್ತ ಹಿಗ್ಗಿಸಬೇಕು. ಅದು ಸೀರೆಯ ಸೆರಗಿನಷ್ಟು ತೆಳುವಾಗಿ ಕೆಳಗೆ ಇಳಿಬೀಳುತ್ತದೆ. ಆಗ ಬೋರಲು ಹಾಕಿದ ಬಿಸಿ ಕಡಾಯಿಯ ಮೇಲೆ ಒಂದೇ ಸಲಕ್ಕೆ ಹೊದಿಸಬೇಕು. ಬೇಯುತ್ತಲೇ ಮಡಚಬೇಕು. ತಡವಾದರೆ ಮುರಿಯುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಗಿರಾಕಿಗಳ ಜೊತೆ ವೈನಿಯದು ಮರಾಠಿ, ಹಿಟ್ಟಿನ ಜೊತೆ ಕನ್ನಡ. ‘ಹಂಗ ಬಾ, ಹಂಗ ಬಾ, ನಿಮ್ಮವ್ವನ’ ಎಂದು ಕಣಕಕ್ಕೆ ಬಯ್ಯುತ್ತಲೇ ಅದನ್ನು ಮೊಣಕೈತನಕ ಇಳಿಸುತ್ತಿದ್ದಳು.

ಆ ಮುಂಗೈಯ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಮಗಳಿಗೂ. ಮಗಳು ಹಿಟ್ಟು ನಾದುತ್ತಿದ್ದಳು, ಹೂರಣ ತುಂಬುತ್ತಿದ್ದಳು, ಲಟ್ಟಿಸಿ ಕೊಡುತ್ತಿದ್ದಳು. ಅಲ್ಲಿಂದ ಮುಂದೆ ವೈನಿ. ಅದು ಆಕೆಯ ಡೌಲು. ಊರಿನಲ್ಲಿ ಆಕೆಯನ್ನು ಜನ ಲಗ್ನದ ಕೆಲಸಕ್ಕೆ ಕರೆಯುತ್ತಿದ್ದದ್ದು ಆ ಕೈಗಾಗಿ, ಅದು ಆಕೆಗೆ ಗೊತ್ತಿತ್ತು.

ಬ್ಯಾನೆ ಶುರುವಾದದ್ದು ಬಲಗಡೆಯ ಮೂಗು ಕಟ್ಟುವುದರಿಂದ. ಒಲೆಯ ಹೊಗೆಯಿಂದ ಅಂದುಕೊಂಡರು. ಒಂದು ದಿನ ತುಪ್ಪ ಕಮಟು ಹಿಡಿದದ್ದು ವೈನಿಗೆ ತಿಳಿಯಲಿಲ್ಲ. ಮಗಳು ಡಬ್ಬಿ ತೆಗೆದು ‘ಅವ್ವಾ, ನಿನಗ ವಾಸನಿ ಬರವಲ್ದು?’ ಎಂದು ಕೇಳಿದಳಂತೆ. ಆಮೇಲೆ ಮೇಲಿನ ಹಲ್ಲು ಅಲುಗಾಡಿತು. ಹಲ್ಲು ಕೀಳಿಸಿದರು, ಆ ಜಾಗ ಮಾಯಲಿಲ್ಲ. ಗಲ್ಲ ಬೀಗಿತು, ಮೂಗಿನಿಂದ ರಕ್ತ ಬೆರೆತ ನೀರು ಇಳಿಯತೊಡಗಿತು, ಬಲಗಣ್ಣು ಮೆಲ್ಲಗೆ ಮುಂದಕ್ಕೆ ಬಂತು. ಬೆಳಗಾವಿಯಲ್ಲಿ ತೋರಿಸಿದಾಗ ಗೊತ್ತಾಯಿತು, ಕೆನ್ನೆಯ ಎಲುಬಿನ ಒಳಗಿರುವ ಟೊಳ್ಳು ಜಾಗದಲ್ಲಿ, ಸೈನಸ್ ಅನ್ನುತ್ತಾರೆ, ಅಲ್ಲಿ ಕ್ಯಾನ್ಸರ್. ಕಣ್ಣಿನ ಹಿಂದಕ್ಕೂ ತಲೆಬುರುಡೆಯ ಬುಡಕ್ಕೂ ಹೋಗಿತ್ತು. ಆಪರೇಶನ್ನಿಗೆ ಬರುವಂತಿರಲಿಲ್ಲ.

ಮೊದಲ ನಾಚಿಕೆಯ ಸಂಗತಿ ಇಲ್ಲಿಯೇ ಹೇಳಿಬಿಡುತ್ತೇನೆ. ಆ ರೋಗಕ್ಕೆ ವಾಸನೆ ಇರುತ್ತದೆ. ಒಳಗೆ ಮಾಂಸ ಕೊಳೆಯುವ ವಾಸನೆ. ವೈನಿಯನ್ನು ಬೆಳಗಾವಿಗೆ ಕರೆದುಕೊಂಡು ಹೋಗುವ ದಿನ, ಮಗಳು ಚೀಟಿ ಮಾಡಿಸಲು ಮೊದಲೇ ಹೋಗಿದ್ದರಿಂದ, ನಾನು ಖಾನಾಪುರದಲ್ಲಿ ಬಸ್ಸು ಹತ್ತಿಸಿದೆ. ಇಬ್ಬರು ಕೂರುವ ಸೀಟಿನಲ್ಲಿ ಆಕೆಯನ್ನು ಕಿಟಕಿಯ ಕಡೆ ಕೂರಿಸಿದೆ. ನಾನು ಆಕೆಯ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿಗೆ ಹೋದೆ. ‘ಕಾಲು ಚಾಚಾಕ ಜಾಗಾ ಆಗ್ಲಿ, ವೈನಿ’ ಅಂದೆ. ಆಕೆ ಹಿಂತಿರುಗಿ ನೋಡಲಿಲ್ಲ. ಸೆರಗನ್ನು ಮೂಗಿನ ಮೇಲೆ ಇನ್ನೊಂದು ಸುತ್ತು ಎಳೆದುಕೊಂಡಳು. ಪಕ್ಕದ ಸೀಟು ಬೆಳಗಾವಿಯವರೆಗೆ ಖಾಲಿಯೇ ಇತ್ತು. ಎರಡು ಸಲ ಜನ ಬಂದು ಕೂತು ಎದ್ದುಹೋದರು. ಕೋಟೆಯ ಹತ್ತಿರ ಇಳಿಯುವಾಗ ನಾನು ಆಕೆಯ ಚೀಲ ಹಿಡಿದೆ, ಕೈ ಹಿಡಿಯಲಿಲ್ಲ.

ದವಾಖಾನೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ಕೆಲವು ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದರು, ರಕ್ತ ನಿಲ್ಲಲಿ ಎಂದು. ಆಮೇಲೆ ನಮ್ಮ ಮೂವರನ್ನೂ, ವೈನಿ, ಮಗಳು, ನಾನು, ಕೂರಿಸಿಕೊಂಡು ಮಾತಾಡಿದರು. ವೈನಿಯ ಮುಖ ನೋಡಿಯೇ ಮಾತಾಡಿದರು, ನನ್ನ ಮುಖ ನೋಡಿ ಅಲ್ಲ. ಅದು ನನಗೆ ಆಗ ಸರಿಕಾಣಲಿಲ್ಲ.

‘ಅಮ್ಮಾರ, ಈ ರೋಗಾ ಪೂರ್ತಿ ಹೋಗಂಗಿಲ್ರಿ. ನಾ ಸುಳ್ಳು ಹೇಳಂಗಿಲ್ಲ. ಆದ್ರ ನೋವು ಕಡಿಮಿ ಮಾಡಬಹುದು, ಬಾವು ಇಳಸಬಹುದು, ಬೆಳಿಯೂದು ಒಂದಷ್ಟು ದಿನಾ ತಡಿಬಹುದು. ಸಣ್ಣ ಡೋಸಿನ ಕಿಮೋ. ಮನ್ಯಾಗ ನುಂಗೂ ಗುಳಿಗಿ.’

‘ಸಲಾಯಿನ್ ಹಚ್ಚೂದಿಲ್ಲೇನ್ರಿ?’ ನಾನು ಕೇಳಿದೆ.

‘ಅಜ್ಜಾರ, ಇವರ ತೂಕ ನೋಡ್ರಿ, ಕಿಡ್ನಿ ನೋಡ್ರಿ. ಜೋರಿನ ಔಷಧ ಕೊಟ್ರ ರೋಗಕ್ಕಿಂತ ಮೊದಲ ಇವರಿಗೆ ಪೆಟ್ಟು ಬೀಳತೈತಿ.’ ಮತ್ತೆ ವೈನಿಯ ಕಡೆ ತಿರುಗಿದರು. ‘ನಿಮಗ ಏನು ಬೇಕಾಗೇತಿ ಹೇಳ್ರಿ, ಅಮ್ಮಾರ.’

ವೈನಿ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಆಮೇಲೆ ಹೇಳಿದಳು: ‘ಎರಡೂ ಕೈ ಬೇಕ್ರಿ. ಒಂದು ಕಣ್ಣಾದ್ರೂ ಬೇಕು. ಈಕಿಗೆ ಮಂಡಿಗಿ ಕಲಸೂದೈತಿ. ಅಲ್ಲೀತನಕ ಸಾಕು.’

ಮಗಳು ತಲೆ ತಗ್ಗಿಸಿದಳು. ಈ ಮಾತು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಮುಂದೆ ನಾನು ಮಾಡಿದ್ದು ಏನನ್ನೂ ತಿಳಿಯದೆ ಮಾಡಿದ್ದಲ್ಲ.

ಗುಳಿಗೆಗಳು ಎರಡು ಬಗೆಯವು. ಒಂದು ದಿನಾ ಮುಂಜಾನೆ, ಸಂಜೆ. ಇನ್ನೊಂದು ವಾರಕ್ಕೆ ಒಂದೇ ದಿನ. ಇದನ್ನು ತಪ್ಪಿ ದಿನಾ ಕೊಟ್ಟರೆ ಜೀವಕ್ಕೆ ಕುತ್ತು ಎಂದು ಡಾಕ್ಟರಮ್ಮ ಎರಡು ಸಲ ಹೇಳಿ, ಮಗಳ ಬಾಯಿಂದ ಹೇಳಿಸಿಯೂ ಕೇಳಿದರು. ಸೋಮವಾರ ವೈನಿಯ ಉಪವಾಸ, ಅದಕ್ಕೆ ಮಂಗಳವಾರ ಎಂದು ಗೊತ್ತುಮಾಡಿದರು. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರಗಳಿಗೆಲ್ಲ ಕುಂಕುಮದ ಬೊಟ್ಟು ಇಟ್ಟಳು, ಗುಳಿಗೆ ನುಂಗಿಸಿದ ಮೇಲೆ ಬೊಟ್ಟಿನ ಮೇಲೆ ವಿಭೂತಿಯ ಗೆರೆ ಎಳೆಯುತ್ತಿದ್ದಳು. ತಿಂಗಳಿಗೊಮ್ಮೆ ರಕ್ತದ ತಪಾಸಣೆ. ಬಾಯಲ್ಲಿ ಹುಣ್ಣು ಕಂಡರೆ ಕೂಡಲೇ ಫೋನು.

ನಾನು ನಂಬಿರಲಿಲ್ಲ. ನಮ್ಮ ಜನಕ್ಕೆ ಸೂಜಿ ಮಾಡದ ಡಾಕ್ಟರ್ ಡಾಕ್ಟರೇ ಅಲ್ಲ. ಬಸ್ಸಿನಲ್ಲಿ ಎಷ್ಟು ಜನ ಹೇಳುವುದನ್ನು ಕೇಳಿದ್ದೇನೆ, ‘ಬರೇ ಗುಳಿಗಿ ಕೊಟ್ಟು ಕಳಿಸಿದ, ಸೂಜೀನೂ ಮಾಡಲಿಲ್ಲ’ ಎಂದು. ದೊಡ್ಡ ಬ್ಯಾನೆಗೆ ದೊಡ್ಡ ಬಾಟಲಿ ಹಚ್ಚಬೇಕು, ಕೂದಲು ಉದುರಬೇಕು, ಆಗ ಚಿಕಿತ್ಸೆ ಅನ್ನಿಸುತ್ತದೆ. ಗೋಡೆಯ ಗೂಟಕ್ಕೆ ತೂಗುಹಾಕಿದ ಔಷಧದ ಚೀಲ ನನಗೆ ಚಿಕಿತ್ಸೆಯಾಗಿ ಕಾಣಲಿಲ್ಲ.

ಆದರೆ ಒಂದು ತಿಂಗಳು ಕಳೆಯುವುದರೊಳಗೆ ರಕ್ತ ನಿಂತಿತು. ನೋವು ಇಳಿಯಿತು. ಎರಡನೆಯ ತಿಂಗಳಿಗೆ ಗಲ್ಲದ ಬಾವು ಅರ್ಧಕ್ಕೆ ಬಂತು, ಕಣ್ಣು ಸ್ವಲ್ಪ ಒಳಕ್ಕೆ ಸರಿಯಿತು. ವಾಸನೆಯೂ ಕಡಿಮೆಯಾಗಿತ್ತು. ನಾನು ಒಂದು ದಿನ ಹೋದಾಗ ವೈನಿ ಒಲೆಯಿಂದ ದೂರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಬಲಗಣ್ಣಿಗೆ ಬಿಳಿ ಅರಿವೆ ಕಟ್ಟಿಕೊಂಡು ಕೈಯಲ್ಲಿ ಲಟ್ಟಣಿಗೆ ಹಿಡಿದಿದ್ದಳು. ಮಗಳು ಎದುರಿಗೆ ನಿಂತು ಅಣ್ಣನ ಹಳೆಯ ಧೋತರದ ತುಂಡನ್ನು ಒದ್ದೆ ಮಾಡಿ ಮುಂಗೈ ಮೇಲೆ ಹಾಕಿಕೊಂಡು ತಿರುಗಿಸುತ್ತಿದ್ದಳು.

‘ಇದೇನ ವೈನಿ, ಅರಿವಿ ಒಣಗಸಾಕ ಹಚ್ಚೀರಿ?’ ಅಂದೆ.

‘ಹಿಟ್ಟು ಕೆಡಸ್ತಾಳ ಅಂತ ಮೊದಲ ಅರಿವಿ ಕೊಟ್ಟೇನಿ. ಅರಿವಿ ಹರಿಯೂದಿಲ್ಲ ನೋಡು, ಅದಕ್ಕ. ಏ, ಮೊಣಕೈ ಮ್ಯಾಲ ಎತ್ತವಾ. ನೀ ಎತ್ತಿದ್ದು ಆರತಿ ಎತ್ತಿದಂಗಾತು.’

‘ಅವ್ವಾ, ಕೈ ಸೋತಾವ.’

‘ನಲವತ್ತು ವರ್ಷ ನಾ ಎತ್ತೇನಿ, ನನಗ ಸೋಲಲಿಲ್ಲ, ನಿನಗ ನಲವತ್ತು ನಿಮಿಷಕ್ಕ ಸೋತಾವ?’

ಮಗಳು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ವೈನಿ ನನಗೆ ಹೇಳಿದಳು, ಬೆಳಿಗ್ಗೆ ಏಲಕ್ಕಿ ಕುಟ್ಟುವಾಗ ಎಡಗಡೆಯ ಮೂಗಿಗೆ ಸ್ವಲ್ಪ ವಾಸನೆ ಬಂತೆಂದು. ‘ಆ ಡಾಕ್ಟರಮ್ಮ ಉರಿ ಬಲ್ಲಾಕಿ ಅದಾಳ ತಮ್ಮಾ. ದೊಡ್ಡ ಉರಿ ಹಚ್ಚಿದ್ರ ಮಂಡಿಗಿ ಮ್ಯಾಲ ಕರಕಾಗಿ ಒಳಗ ಹಸೀನ ಉಳೀತೈತಿ. ಆಕಿ ಸಣ್ಣ ಉರಿ ಇಟ್ಟಾಳ’ ಅಂದಳು.

ಮೂರನೆಯ ತಿಂಗಳಲ್ಲಿ ಅರಿವೆಯಿಂದ ಕಣಕಕ್ಕೆ ಬಂದರು. ಮಗಳು ಅಂಗೈ ಅಗಲದ್ದನ್ನು ಮುಂಗೈಯವರೆಗೆ ತಂದಿದ್ದಳು. ಮುಂಗೈಯಿಂದ ಮೊಣಕೈಗೆ ಇಳಿಸುವುದು, ಅಲ್ಲಿಂದ ಕಡಾಯಿಗೆ ಹೊದಿಸುವುದು, ಇವು ಉಳಿದಿದ್ದವು. ‘ಅದನ್ನ ನಾ ಹಿಂದ ನಿಂತು, ನಿನ್ನ ಕೈ ಹಿಡದ ಕಲಸಬೇಕಾಗತೈತಿ’ ಎಂದು ವೈನಿ ಹೇಳಿದ್ದಳು. ಇನ್ನೊಂದಿಷ್ಟು ತ್ರಾಣ ಬರಲಿ ಎಂದು ಕಾಯುತ್ತಿದ್ದಳು.

ಅದೇ ಹೊತ್ತಿಗೆ ಬೆಳಗಾವಿಯಲ್ಲಿ ನಮ್ಮ ಬಳಗದ ಒಂದು ಲಗ್ನ. ಮಂಗಲ ಕಾರ್ಯಾಲಯದಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತ ನಾಲ್ಕೈದು ಜನ ಕೂತಿದ್ದೆವು. ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ಹಿರಿಯ, ಮಾತಿನಲ್ಲಿ ಚೂಪು. ಎಲ್ಲರ ಎದುರಿಗೆ ಕೇಳಿದ.

‘ಏನಪಾ ಕಂಡಕ್ಟರ್, ವೈನಿಗೆ ಹ್ಯಾಂಗೈತಿ?’

‘ಆರಾಮ ಐತಿ. ಗುಳಿಗಿ ನಡದಾವ.’

‘ಗುಳಿಗಿ? ಕ್ಯಾನ್ಸರಿಗೆ ಗುಳಿಗಿ?’ ಸುತ್ತ ನೋಡಿದ. ‘ಅಲ್ಲಪಾ, ಊರ ಮಂದಿಗೆಲ್ಲಾ ಪೂರ್ತಿ ಟಿಕೀಟ ಹರದಿ, ಅಣ್ಣನ ಹೆಂಡ್ತಿಗೆ ಅರ್ಧ ಟಿಕೀಟ ಹರದಿ ಏನು?’

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಬ್ಬರು ‘ಅರ್ಧ ಟಿಕೀಟಿಗೆ ಅರ್ಧ ದಾರಿ’ ಅಂದರು, ಅದಕ್ಕೂ ನಕ್ಕರು. ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚಿದ್ದೇನೋ ಇಲ್ಲವೋ ಮರೆತು ಮತ್ತೆ ಹಚ್ಚಿದೆ. ಬಾಯಿ ಸುಟ್ಟಿತು. ನಾನು ಉತ್ತರ ಹೇಳಬಹುದಿತ್ತು. ಆಕೆಗೆ ರಕ್ತ ನಿಂತಿದೆ, ಆಕೆ ಒಲೆಯ ಮುಂದೆ ಕೂತು ಮಗಳಿಗೆ ಬಯ್ಯುತ್ತಿದ್ದಾಳೆ, ಆಕೆ ಕೇಳಿದ್ದೇ ಇದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವರ ನಗೆಯಲ್ಲಿ ನಾನು ಜುಗ್ಗನಾಗಿ ಕಂಡೆ. ಅದೊಂದೇ ನನ್ನ ತಲೆಯಲ್ಲಿ ಉಳಿಯಿತು. ಅಣ್ಣನ ಮನೆಯ ಗಂಡು ದಿಕ್ಕು ನಾನು, ಮಂದಿ ನನ್ನನ್ನು ಹಾಗೆ ನೋಡುತ್ತಾರಲ್ಲ ಎಂದು ಎಂಟು ದಿನ ಒಳಗೊಳಗೇ ಕುದಿದೆ. ನನ್ನ ಹೆಂಡತಿ ‘ಅವರ ಮಾತ ಹಚಗೋಬ್ಯಾಡ್ರಿ’ ಅಂದಳು. ಆಕೆಯ ಮೇಲೂ ಹರಿಹಾಯ್ದೆ.

ಆಮೇಲೆ ನಾಲ್ಕು ತಾಸಿನ ಹಾದಿಯ ಒಂದು ಊರಿನ ದೊಡ್ಡ ದವಾಖಾನೆಯನ್ನು ವಿಚಾರಿಸಿಕೊಂಡೆ. ದಿನವನ್ನೂ ನೋಡಿಯೇ ಆರಿಸಿದೆ. ಅವತ್ತಿನಿಂದ ಎರಡು ದಿನ ಮಗಳಿಗೂ ಅಳಿಯನಿಗೂ ಸಾಂಬ್ರಾದಲ್ಲಿ ಒಂದು ಲಗ್ನದ ಮನೆಯ ಕೆಲಸವಿತ್ತು, ಸಣ್ಣ ಅಳತೆಯ ಮಂಡಿಗೆ ಮಾಡಿಕೊಡಲು ಮೊದಲ ಸಲ ಮಗಳೊಬ್ಬಳೇ ಒಪ್ಪಿಕೊಂಡಿದ್ದಳು. ಅವರು ಬೆಳಿಗ್ಗೆ ಹೋದ ಮೇಲೆ ನಾನು ಖಾನಾಪುರಕ್ಕೆ ಕಾರು ತಂದೆ.

‘ವೈನಿ, ತಯಾರಾಗ್ರಿ. ದೊಡ್ಡ ದವಾಖಾನ್ಯಾಗ ಒಮ್ಮೆ ತೋರಸ್ರಿ ಅಂತ ನಮ್ಮ ಡಾಕ್ಟರಮ್ಮನ ಹೇಳ್ಯಾರ’ ಅಂದೆ. ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ.

‘ಮಗಳು ಬರ್ಲಿ ತಡಿ.’

‘ಆಕಿಗೆ ನಾ ಫೋನ್ ಮಾಡ್ತೀನ್ರಿ.’

ಮಾಡಲಿಲ್ಲ. ವೈನಿ ನನ್ನ ಮುಖವನ್ನು ಒಂದೇ ಕಣ್ಣಿನಿಂದ ಸ್ವಲ್ಪ ಹೊತ್ತು ನೋಡಿದಳು. ಎದ್ದು ಲಿಂಗಪೂಜೆ ಮುಗಿಸಿ ಸೀರೆ ಬದಲಿಸಿ ಬಂದಳು. ಗೂಟದ ಮೇಲಿನ ಚೀಲ ತೋರಿಸಿ ‘ಫೈಲು?’ ಅಂದಳು. ‘ಅಲ್ಲೆ ಹೊಸಾದು ಮಾಡ್ತಾರ’ ಎಂದು ಅದನ್ನು ಗೂಟದ ಮೇಲೆಯೇ ಬಿಟ್ಟೆ. ಕಾರಿನಲ್ಲಿ ಡ್ರೈವರನ ಪಕ್ಕ ಸಾಮಾನು ಇಟ್ಟಿದ್ದೆ, ಅದಕ್ಕೆ ಹಿಂದೆ ವೈನಿಯ ಪಕ್ಕದಲ್ಲಿ ಕೂತೆ.

ಆ ದವಾಖಾನೆಯ ಡಾಕ್ಟರರನ್ನು ನಾನು ದೂರುವುದಿಲ್ಲ. ಅವರು ಕೇಳಬೇಕಾದದ್ದನ್ನೆಲ್ಲ ಕೇಳಿದರು. ಮೊದಲು ಎಲ್ಲಿ ತೋರಿಸಿದಿರಿ ಎಂದರು. ಕ್ಯಾನ್ಸರ್ ಅಂದ ಮೊದಲ ರಿಪೋರ್ಟಿನ ಫೋಟೊ ಮೊಬೈಲಿನಲ್ಲಿತ್ತು, ಅದನ್ನಷ್ಟೇ ತೋರಿಸಿ, ಆಮೇಲೆ ಊರಲ್ಲೇ ನೋವಿನ ಗುಳಿಗೆ ತಗೋತಿದ್ದರು ಅಂದೆ. ಊಟ? ಚೆನ್ನಾಗಿ ಮಾಡುತ್ತಾರೆ. ತೂಕ ಇಳಿದಿದೆಯೇ? ಮೊದಲಿನಿಂದಲೂ ತೆಳ್ಳಗೇ ಇದ್ದಾರೆ. ದಿನವಿಡೀ ಕೆಲಸ ಮಾಡುತ್ತಾರೆಯೇ? ಒಲೆಯ ಮುಂದೆಯೇ ಇರುತ್ತಾರೆ. ಕಿಡ್ನಿಯ ಮಾತನ್ನು ನಾನು ಎತ್ತಲೇ ಇಲ್ಲ. ರಕ್ತ ತೆಗೆದರು, ಕಿಡ್ನಿ ಅಂಚಿನಲ್ಲಿದೆ ಎಂದು ಅನುಮಾನಪಟ್ಟರು. ‘ಮಾಡೂದ ಆಗ್ಲಿ ಸರ್, ಕಡಿಮಿ ಮಾಡಬ್ಯಾಡ್ರಿ’ ಎಂದು ನಾನು ಕೈಮುಗಿದೆ. ವೈನಿ ಪಕ್ಕದಲ್ಲಿಯೇ ಇದ್ದಳು. ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬಾಟಲಿ ಹಚ್ಚಿದರು. ನಾನು ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಅವನು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದ. ಆ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ, ಅಳಿಸಿಲ್ಲ. ಅಳಿಸುವ ಹಕ್ಕು ನನಗಿಲ್ಲ.

ಮಗಳು ಅವತ್ತು ಮಧ್ಯಾಹ್ನ ಬಸ್ಸು ಹಿಡಿದು ಬಂದಳು. ಹಿಂದಿನ ಸಂಜೆ ಮನೆಗೆ ಬಂದು ಅವ್ವ ಇಲ್ಲದ್ದನ್ನು ಕಂಡು ರಾತ್ರಿಯೆಲ್ಲ ಫೋನು ಮಾಡಿದ್ದಳು, ನಾನು ಎತ್ತಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಹೇಳಿದ್ದಳು. ಸಾಂಬ್ರಾದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು, ಸೀರೆಯ ಮೇಲೆ ಹಿಟ್ಟು ಹಾಗೆಯೇ ಇತ್ತು. ಕೈಯಲ್ಲಿ ಗೂಟದ ಮೇಲಿನ ಆ ಚೀಲ.

‘ಕಾಕಾ, ಇದನ್ನ ತೋರಿಸಿದ್ರಿ?’

ನಾನು ಮೊಬೈಲನ್ನು ಕಿಸೆಗೆ ಹಾಕಿಕೊಂಡೆ.

‘ಮೊನ್ನೆ ಮಂಗಳವಾರದ ಗುಳಿಗಿ ಅವ್ವನ ಮೈಯಾಗ ಐತ್ರಿ. ಅದರ ಮ್ಯಾಲ ಇದನ್ನ ಹಚ್ಚಬಹುದೇನು, ಕೇಳಿದ್ರಿ?’

ಅದು ವರಾಂಡ. ಬೇರೆ ರೋಗಿಗಳ ಮನೆಯವರು ಕೂತಿದ್ದರು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಆಕೆ ದನಿ ಎತ್ತಿರಲಿಲ್ಲ. ದನಿ ಎತ್ತಿದವನು ನಾನು.

‘ದೊಡ್ಡವರ ನಡುವ ಬಾಯಿ ಹಾಕಬ್ಯಾಡ. ನಿನಗ ಅವ್ವ ಬೇಕಾಗಿಲ್ಲ. ನಿನಗ ಅವ್ವನ ಕೈ ಬೇಕಾಗೇತಿ. ಮಂಡಿಗಿ ಕಲತು ಮುಗೀತಂದ್ರ ಆಕಿ ಇದ್ರೇನು, ಹ್ವಾದ್ರೇನು ನಿನಗ.’

ಆಕೆ ಚೀಲವನ್ನು ಎದೆಗೆ ಅವಚಿಕೊಂಡು ನಿಂತಳು. ಸೀದಾ ಡಾಕ್ಟರರ ಕೋಣೆಗೆ ಹೋಗಿ ಫೈಲನ್ನು ಮೇಜಿನ ಮೇಲೆ ಇಟ್ಟಳು. ಅವರು ಅದನ್ನು ಓದುತ್ತ ನನ್ನನ್ನು ಒಳಗೆ ಕರೆಸಿದರು. ‘ಇದನ್ನು ಯಾಕೆ ಮುಚ್ಚಿಟ್ಟಿರಿ?’ ಎಂದಷ್ಟೇ ಕೇಳಿದರು. ಬಾಟಲಿ ನಿಲ್ಲಿಸಿದರು. ಆದರೆ ಮುಕ್ಕಾಲು ಹೋಗಿಬಿಟ್ಟಿತ್ತು.

ಒಂದು ವಾರಕ್ಕೆ ಬಾಯಿಯೆಲ್ಲ ಹುಣ್ಣು. ನೀರು ನುಂಗಲು ಆಗಲಿಲ್ಲ. ಜ್ವರ, ಭೇದಿ, ರಕ್ತದಲ್ಲಿ ಬಿಳಿಕಣ ಇಳಿದವು. ಹದಿನೆಂಟು ದಿನ ಆ ದವಾಖಾನೆಯಲ್ಲಿ ಇದ್ದಳು. ಬದುಕಿ ಖಾನಾಪುರಕ್ಕೆ ಬಂದಳು, ಆದರೆ ಬೆರಳುಗಳಿಗೆ ಜೋಮು ಹಿಡಿದಿತ್ತು. ಲೋಟ ಹಿಡಿದರೆ ಜಾರುತ್ತಿತ್ತು. ಮೈಯಲ್ಲಿ ಎದ್ದು ನಿಲ್ಲುವಷ್ಟು ಶಕ್ತಿಯೂ ಇರಲಿಲ್ಲ. ಗುಳಿಗೆಗಳನ್ನು ಮತ್ತೆ ಶುರುಮಾಡುವ ಹಾಗಿರಲಿಲ್ಲ. ಗಲ್ಲ ಮತ್ತೆ ಬೀಗಿತು. ಬೆಳಗಾವಿಯ ಡಾಕ್ಟರಮ್ಮ ಬಯ್ಯಲಿಲ್ಲ. ನೋವಿಗೆ ಕುಡಿಯುವ ಔಷಧ ಬರೆದುಕೊಟ್ಟು, ಮನೆಯಲ್ಲಿಯೇ ಹೇಗೆ ನೋಡಿಕೊಳ್ಳಬೇಕೆಂದು ಮಗಳಿಗೆ ಹೇಳಿಕೊಟ್ಟರು. ನನ್ನ ಕಡೆ ತಿರುಗಿ ‘ಅಜ್ಜಾರ, ನೀವೂ ಆಗಾಗ ಬಂದು ಕುಂದರ್ರಿ ಅವರ ಹತ್ರ’ ಅಂದರು.

ಒಂದು ಮಧ್ಯಾಹ್ನ ಮಗಳು ಹೊಳೆಯ ಕಡೆ ಅರಿವೆ ಒಗೆಯಲು ಹೋಗಿದ್ದಳು. ನಾನು ವೈನಿಯ ಹಾಸಿಗೆಯ ಹತ್ತಿರ ಕೂತು ಕಾಲು ಮುಟ್ಟಿದೆ.

‘ವೈನಿ, ತಪ್ಪಾತ್ರಿ. ಡಾಕ್ಟರಮ್ಮ ಹೋಗ್ರಿ ಅಂತ ಹೇಳಿರಲಿಲ್ಲ. ನಾ ಸುಳ್ಳು ಹೇಳಿದೆ.’

‘ಗೊತ್ತಿತ್ತು ತಮ್ಮಾ.’ ಮಾತು ಬಹಳ ಮೆತ್ತಗಿತ್ತು, ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ‘ಆಕಿ ಹೇಳಿದ್ರ ಮೊದಲ ಮಗಳಿಗೆ ಫೋನ್ ಬರ್ತಿತ್ತು.’

‘ಮತ್ತ ಯಾಕ ಬಂದ್ರಿ?’

‘ಕಾರಿನ್ಯಾಗ ನನ್ನ ಬಾಜೂಕ ಕುಂತಿದ್ದಿ ನೋಡು. ಬಸ್ಸಿನ್ಯಾಗ ಹಿಂದ ಕುಂತಾಂವ ನೀ.’ ಸ್ವಲ್ಪ ಉಸಿರು ಎಳೆದುಕೊಂಡಳು. ‘ಈಗ ಮನಸು ಮಾಡ್ಯಾನ, ಏನರ ಅಂದ್ರ ಮತ್ತ ಹಿಂದ ಹೋಗ್ತಾನ ಅಂತ ಸುಮ್ಮನಾದೆ.’

ಕಾರಿನಲ್ಲಿ ನಾನು ಪಕ್ಕ ಕೂತದ್ದು ಮುಂದೆ ಸಾಮಾನು ಇದ್ದದ್ದಕ್ಕೆ. ಅದನ್ನು ಆಕೆಗೆ ಹೇಳಲಿಲ್ಲ. ಆಕೆಗೆ ಹೇಳದೆ ಉಳಿಸಿಕೊಂಡ ಸುಳ್ಳು ಅದೊಂದು.

‘ನನ್ನದ ಹೋಗ್ಲಿ’ ಅಂದಳು. ‘ಆಕಿಗೆ ಆ ಮಾತು ಅನಬಾರದಿತ್ತು ನೀ. ವರಾಂಡದಾಗಿಂದು ಒಳಗ ನನಗ ಕೇಳಿಸ್ತು. ಆಕಿಗೆ ಒಂದ ಮಾತು ಹೇಳಿಬಿಡು.’

‘ಹೇಳ್ತೀನ್ರಿ’ ಅಂದೆ.

ಇಪ್ಪತ್ತು ದಿನಕ್ಕೆ ವೈನಿ ಲಿಂಗೈಕ್ಯಳಾದಳು. ಕೊನೆಯ ದಿನಗಳಲ್ಲಿ ಮಗಳು ಒಮ್ಮೆ ಹಾಸಿಗೆಯ ಎದುರು ಕಣಕವನ್ನು ಮುಂಗೈ ಮೇಲೆ ಹಾಕಿ ತೋರಿಸಿದ್ದಳಂತೆ. ವೈನಿ ತಲೆ ಆಡಿಸಿದಳಂತೆ, ಇನ್ನೂ ಕೆಳಗೆ ಇಳಿಸು ಎಂದೋ ಸಾಕು ಎಂದೋ ಮಗಳಿಗೆ ತಿಳಿಯಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಅಳಿಯ.

ಶಿವಗಣಾರಾಧನೆಯ ದಿನ ಬಳಗವೆಲ್ಲ ಖಾನಾಪುರಕ್ಕೆ ಬಂದಿತ್ತು. ಅಂಗಳದಲ್ಲಿ ಪಂಕ್ತಿ. ನನ್ನ ಪಕ್ಕಕ್ಕೆ ಚಿಕ್ಕಪ್ಪನ ಮಗ. ‘ಆರಾಮ ಆಗ್ಯಾಳ ಅಂದಿದ್ದಿ, ಎರಡ ತಿಂಗಳದಾಗ ಇದೇನಾತಪಾ?’ ಎಂದು ಕೇಳಿದ. ಅವನ ದನಿಯಲ್ಲಿ ಅವತ್ತು ಕುಚೋದ್ಯ ಇರಲಿಲ್ಲ, ನಿಜವಾಗಿ ಕೇಳಿದ್ದ. ಆಗಲೂ ನಾನು ನಿಜ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು:

‘ಮೊದಲ ಗುಳಿಗಿ ಮ್ಯಾಲ ಕಾಲಾ ಕಳದ್ರು. ಮಗಳು ಕೇಳಲಿಲ್ಲ. ನಾ ಎತಗೊಂಡು ಹೋಗೂದ್ರಾಗ ತಡಾ ಆಗಿತ್ತು.’

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಒಬ್ಬ ಮುದುಕಿ ‘ಅಯ್ಯ, ಹೌದೇನು’ ಅಂದಳು. ಮಗಳು ಹುಗ್ಗಿಯ ಪಾತ್ರೆ ಹಿಡಿದು ನಮ್ಮ ಸಾಲಿನಲ್ಲಿ ಬಡಿಸುತ್ತಿದ್ದಳು, ನನ್ನಿಂದ ಎರಡು ಎಲೆ ಆಚೆ. ಸೌಟು ಒಂದು ಗಳಿಗೆ ಹಾಗೆಯೇ ನಿಂತಿತು. ಆಮೇಲೆ ಬಡಿಸುತ್ತ ನನ್ನ ಎಲೆಗೆ ಬಂದಳು.

‘ಇನ್ನೊಂದೀಟು ಹಾಕಲ್ರಿ, ಕಾಕಾ?’

ನಾನು ಕೈ ಅಡ್ಡ ಹಿಡಿದೆ. ಆಕೆ ಮುಂದಿನ ಎಲೆಗೆ ಹೋದಳು.

ಅದಾದ ಮೇಲೆ ಆ ಮಾತು ನನ್ನ ಕೈಮೀರಿ ಓಡಾಡಿತು. ‘ತಾಯಿಗೆ ಔಷಧ ಮಾಡಸಲಿಲ್ಲಂತ’ ಎಂದು ಬಳಗದಲ್ಲಿ ಅಂದರು. ನಮ್ಮ ಲಗ್ನಗಳಿಗೆ ಆಕೆಗೆ ಮಂಡಿಗೆ ಹೇಳುವುದನ್ನು ಬಿಟ್ಟರು. ನನ್ನ ಮೊಮ್ಮಗಳ ಲಗ್ನಕ್ಕೆ ಬೇರೆ ಕಡೆಯಿಂದ ತರಿಸಿದಾಗಲೂ ನಾನು ಬಾಯಿ ಬಿಡಲಿಲ್ಲ. ಆಕೆ ಬಂದಿದ್ದಳು, ಉಡಿ ತುಂಬಿ, ಊಟ ಮಾಡಿ, ಆ ಮಂಡಿಗೆಯನ್ನು ಮುರಿದು ನೋಡಿ, ಸುಮ್ಮನೆ ತಿಂದು ಹೋದಳು.

ಬಳಗದ ಹೊರಗಿನ ಗಿರಾಕಿಗಳು ಕೆಲವರು ಇನ್ನೂ ಇದ್ದಾರೆ. ಪ್ರತಿ ದೀಪಾವಳಿಗೆ ಆಕೆ ಕಂಡಕ್ಟರರ ಕೈಯಲ್ಲಿ ನನಗೊಂದು ಡಬ್ಬಿ ಕಳಿಸುತ್ತಾಳೆ. ಬಸ್ ನಿಲ್ದಾಣಕ್ಕೆ ಹೋಗಿ ನಾನೇ ಇಸಿದುಕೊಳ್ಳುತ್ತೇನೆ. ಒಳಗೆ ಮಂಡಿಗೆ,  ಅಳತೆ ಸಣ್ಣದು, ನಡುವೆ ದಪ್ಪ. ಮುಂಗೈತನಕ ಸರಿಯಾಗಿ ಬಂದಿರುತ್ತದೆ. ಮೊಣಕೈಗೆ ಇಳಿಯುವ ಜಾಗದಲ್ಲಿ ನಿಂತುಬಿಟ್ಟಿರುತ್ತದೆ. ಹಲ್ಲಿಗೆ ಆ ದಪ್ಪ ತಗುಲಿದಾಗ ಅದು ಯಾಕೆ ಅಲ್ಲಿಯೇ ನಿಂತಿತು ಎಂದು ಗೊತ್ತಿರುವವರು ಇಬ್ಬರೇ, ಮಾಡಿದಾಕೆ ಮತ್ತು ತಿನ್ನುತ್ತಿರುವ ನಾನು. ಈ ಸಲದ ಡಬ್ಬಿಯನ್ನು ತೊಳೆದು ಇಟ್ಟಿದ್ದೇನೆ. ಅದನ್ನು ಹಿಂತಿರುಗಿಸುವ ನೆಪದಲ್ಲಿ ಹೋಗಬೇಕು ಎಂದುಕೊಂಡು ಎರಡು ಸಲ ಬಸ್ಸು ಹತ್ತಿ, ಒಮ್ಮೆ ದಾರಿಯ ನಡುವೆ ದೇಸೂರಿನಲ್ಲಿ ಇಳಿದು ಹಿಂದೆ ಬಂದೆ, ಒಮ್ಮೆ ಅವರ ಓಣಿಯ ತುದಿಯವರೆಗೆ ಹೋದೆ.

ವೈನಿಯ ಕಾಲು ಹಿಡಿದದ್ದು ಸುಲಭವಾಗಿತ್ತು. ಆಕೆ ಸಾಯುತ್ತಿದ್ದಳು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ಹೇಳಬೇಕಾದದ್ದು ಪಂಕ್ತಿಯ ಎದುರಿಗೆ, ಚಿಕ್ಕಪ್ಪನ ಮಗನ ಎದುರಿಗೆ, ‘ಅಯ್ಯ, ಹೌದೇನು’ ಅಂದವರ ಎದುರಿಗೆ. ಗುಳಿಗೆ ಕೊಟ್ಟವಳು ತಾಯಿಯನ್ನು ಬದುಕಿಸಿಕೊಂಡಿದ್ದಳು, ಕೆಡಿಸಿದವನು ನಾನು ಎಂದು. ನಾನು ಕ್ಷಮೆ ಕೇಳದೆ ಉಳಿದಿರುವುದು ಆಕೆಯನ್ನು: ಖಾನಾಪುರದಲ್ಲಿ ಸಣ್ಣ ಅಳತೆಯ ಮಂಡಿಗೆ ಮಾಡುವ, ಇಂದಿಗೂ ನನ್ನನ್ನು ಕಾಕಾ ಎಂದೇ ಕರೆಯುವ, ನನ್ನ ಅಣ್ಣನ ಒಬ್ಬಳೇ ಮಗಳನ್ನು.